ವರದಿಯಲ್ಲಿ ಆಸ್ಪತ್ರೆ ಖರ್ಚು ಇಳಿದಿದೆ, ನಮ್ಮನೆ ಲೆಕ್ಕ ಯಾಕೆ ತಾಳೆ ಆಗ್ತಿಲ್ಲ?

ಬಿಲ್ಲಿನ ಕವರ್
ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಆಸ್ಪತ್ರೆಗೆ ಜನ ಸ್ವಂತ ಜೇಬಿನಿಂದ ಹಾಕುವ ದುಡ್ಡಿನ ಮೇಲೆ ಪ್ರಬಂಧ ಬರೆಯಬೇಕು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ 2021-22ರ ವರದಿ ನೋಡಿದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನ ಪಾಲು 39.4%. 2014-15ರಲ್ಲಿ 62.6% ಇತ್ತು. ಇಷ್ಟು ಇಳಿದಿದ್ದರೆ ನಮಗೂ ಸ್ವಲ್ಪ ಗೊತ್ತಾಗಬೇಕಿತ್ತು, ಅಲ್ವಾ?

ಹೋದ ವರ್ಷ ಅಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಸರ್ಕಾರಿ ಆಸ್ಪತ್ರೆ, ಬಿಪಿಎಲ್ ಕಾರ್ಡು. ಆಪರೇಷನ್‌ಗೆ ಒಂದು ರೂಪಾಯಿ ಕೇಳಲಿಲ್ಲ, ಅದು ನಿಜ. ಆದರೆ ಅಮ್ಮ ಎಲ್ಲ ಚೀಟಿಗಳನ್ನೂ ಸೀರೆ ಅಂಗಡಿಯ ಕವರಿನಲ್ಲಿ ತುಂಬಿಟ್ಟಿದ್ದರು. ಕೂಡಿಸಿದರೆ 7,340 ರೂಪಾಯಿ! ಸ್ಕ್ಯಾನಿಂಗ್ 1,100, ರಕ್ತ ಪರೀಕ್ಷೆ 780, ಹೊರಗಿನ ಮೆಡಿಕಲ್‌ನಿಂದ ತಂದ ಔಷಧಿ 2,260. ಮಿಕ್ಕಿದ್ದು ಆಟೊ, ಬಸ್ಸು, ಜೊತೆಗಿದ್ದವರ ಊಟ, ತಿಂಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ (2017-18) ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ಅಡ್ಮಿಟ್ ಆದರೆ ಸರಾಸರಿ ಖರ್ಚು 4,452 ಅಂತಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಮನೆಮನೆ ಸುತ್ತಿದವ
ತಪ್ಪಿಲ್ಲ. ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ. ನಾನು ಇಂಥ ಸಮೀಕ್ಷೆಗೆ ಫಾರಂ ಹಿಡಿದು ಅಲೆದವನು.

4,452 ಅನ್ನೋದು ಹೆರಿಗೆ ಬಿಟ್ಟು, ಅಡ್ಮಿಟ್ ಆದಾಗಿನ ವೈದ್ಯಕೀಯ ಖರ್ಚು ಮಾತ್ರ. ಆಟೊ, ಊಟಕ್ಕೆ ಬೇರೆ ಕಾಲಂ. ಇನ್ನೊಂದು, ಅಡ್ಮಿಟ್ ಆದದ್ದನ್ನು ಹಿಂದಿನ 365 ದಿನಕ್ಕೆ ಕೇಳುತ್ತೇವೆ. ಆಪರೇಷನ್ ಎಲ್ಲರಿಗೂ ನೆನಪಿರುತ್ತದೆ. ಹತ್ತು ತಿಂಗಳ ಹಿಂದಿನ ಮಾತ್ರೆಯ ರೇಟು ಯಾರಿಗೆ ನೆನಪಿರುತ್ತೆ? "ಒಂದೆರಡು ಸಾವಿರ ಬರ್ಕೊಳ್ಳಿ ಸಾರ್" ಅಂತಾರೆ. ನಿಮ್ಮ ಅಮ್ಮನ ಹಾಗೆ ಕವರ್ ಇಟ್ಟವರು ನನಗೆ ಸಿಕ್ಕಿದ್ದು ಬೆರಳೆಣಿಕೆ.

ಇನ್ನು ಶೇಕಡಾ ವಿಷಯ. ಪಾಲು ಇಳಿಯಿತು, ರೂಪಾಯಿ ಇಳಿಯಲಿಲ್ಲ. ಜನರ ಜೇಬಿನಿಂದ 2014-15ರಲ್ಲಿ ಹೋದದ್ದು ಸುಮಾರು 3.02 ಲಕ್ಷ ಕೋಟಿ, 2021-22ರಲ್ಲಿ 3.56 ಲಕ್ಷ ಕೋಟಿ. ಬೆಲೆ ಏರಿಕೆ ಕಳೆದರೆ ಕಡಿಮೆಯಾಗಿದೆ, ಅದನ್ನೂ ಬರೆಯಿರಿ. ಆದರೆ ಒಟ್ಟು ವೆಚ್ಚ 4.83 ಲಕ್ಷ ಕೋಟಿಯಿಂದ 9.04 ಲಕ್ಷ ಕೋಟಿಗೆ ಏರಿತು. ತಟ್ಟೆ ದೊಡ್ಡದಾದಾಗ ಅದೇ ಮುದ್ದೆ ಚಿಕ್ಕದಾಗಿ ಕಾಣುತ್ತದೆ.

ವಾರ್ಡ್ ಅಕ್ಕ
ಹದಿನಾಲ್ಕು ವರ್ಷದಿಂದ ನರ್ಸ್. ಪುಟ್ಟಿ, ಆ ಸ್ಕ್ಯಾನಿಂಗ್ ಚೀಟಿಯ ತಾರೀಖು ನೋಡು. ಆಯುಷ್ಮಾನ್ ಯೋಜನೆಯಲ್ಲಿ ಅಡ್ಮಿಟ್ ಆಗುವ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನ ಮಾತ್ರ ಪ್ಯಾಕೇಜಿಗೆ ಸೇರುತ್ತದೆ. ಅದರಾಚೆಗಿನದ್ದು ನಿಮ್ಮದೇ. ಹಾಗಂತ ಅಡ್ಮಿಟ್ ಆಗಿದ್ದಾಗಲೇ ಸ್ಟಾಕ್ ಇಲ್ಲ ಅಂತ ಹೊರಗಿನ ಚೀಟಿ ಬರೆದುಕೊಟ್ಟಿದ್ದರೆ ಅದು ತಪ್ಪು. ಆಗುತ್ತೆ, ಸುಳ್ಳು ಯಾಕೆ ಹೇಳಲಿ.

ನನ್ನ ಕಣ್ಣಿಗೆ ಕಾಣೋದು ಬಿಪಿ, ಶುಗರ್‌ನವರು. ಅವರು ಅಡ್ಮಿಟ್ಟೇ ಆಗಲ್ಲ. ವರ್ಷಕ್ಕೆ 5 ಲಕ್ಷದ ಆಯುಷ್ಮಾನ್ ಕಾರ್ಡು ಪರ್ಸಲ್ಲೇ ಇರುತ್ತದೆ, ಮಾತ್ರೆ ಮುಗಿದರೆ ಅಂಗಡಿಗೆ ಹೋಗಬೇಕು. ಆಸ್ಪತ್ರೆ ಬರೀ ಹಾಸಿಗೆ ಅಲ್ಲಮ್ಮ, ಅದನ್ನೂ ಬರಿ.

ಲೆಕ್ಕದ ಮೇಷ್ಟ್ರು
ಮೇಲಿನ ಇಬ್ಬರಿಗೂ ಒಪ್ಪಿಗೆ, ಒಂದು ಎಚ್ಚರಿಕೆಯೊಂದಿಗೆ. 2021-22ರ ಜೇಬಿನ ಖರ್ಚನ್ನು ಆ ವರ್ಷ ಮನೆಮನೆಗೆ ಹೋಗಿ ಕೇಳಿದ್ದಲ್ಲ. ಮುಖ್ಯವಾಗಿ ಅದೇ 75ನೇ ಸುತ್ತಿನ ಅಂಕಿಯನ್ನು ಮುಂದಕ್ಕೆ ಎಳೆದು ಅಂದಾಜು ಮಾಡಿದ್ದು. ಅದೂ ಕೋವಿಡ್ ವರ್ಷ. ಆರೋಗ್ಯಕ್ಕೆ ಸರ್ಕಾರದ ಖರ್ಚು ಜಿಡಿಪಿಯ 1.84%ಗೆ ಏರಿದ್ದರಲ್ಲಿ ಕೋವಿಡ್ ಪಾಲೂ ಇದೆ. 2017ರ ಆರೋಗ್ಯ ನೀತಿ ಹೇಳಿದ್ದು 2025ರ ಹೊತ್ತಿಗೆ 2.5%. ಹಾಗಾಗಿ 39.4 ಅನ್ನು ಮೊದಲ ಸಾಲಿಗೇ ಹಾಕಿ ಕುಣಿಯಬೇಡಿ, ಸುಮ್ನೆ ಬೈಯಲೂಬೇಡಿ. ಇಷ್ಟಿದ್ದೂ ಖಾಸಗಿಯ ಸರಾಸರಿ ಅದೇ ಸುತ್ತಿನಲ್ಲಿ 31,845, ಸರ್ಕಾರಿಯ ಏಳು ಪಟ್ಟು. ನಿಮ್ಮ ಅಪ್ಪ ಆ ಕಡೆ ಹೋಗಿದ್ದರೆ ಕವರ್ ಸಾಲುತ್ತಿರಲಿಲ್ಲ.

ಬಿಲ್ಲಿನ ಕವರ್
ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ಸ್ಕ್ಯಾನಿಂಗ್ ಅಡ್ಮಿಟ್ ಆಗುವ 12 ದಿನ ಮೊದಲು ಮಾಡಿಸಿದ್ದು. ಔಷಧಿ ಚೀಟಿಯಲ್ಲಿ ಎರಡು ಮಾತ್ರ ವಾರ್ಡಿನಲ್ಲಿದ್ದ ದಿನದ್ದು, 640 ರೂಪಾಯಿ. ಅದನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇನೆ.

ಸಮೀಕ್ಷೆಯಲ್ಲಿ ದುಡ್ಡು ಎಲ್ಲಿಂದ ತಂದಿರಿ ಅಂತಲೂ ಕೇಳುತ್ತಾರಂತೆ, ಉಳಿತಾಯವಾ ಸಾಲವಾ ಅಂತ. ನಿನ್ನೆ ರಾತ್ರಿ ಅಮ್ಮನನ್ನು ಅದನ್ನೇ ಕೇಳಿದೆ. ಸ್ತ್ರೀಶಕ್ತಿ ಸಂಘದಲ್ಲಿ 5,000 ತೆಗೆದಿದ್ದರಂತೆ, ಇನ್ನೂ ನಾಲ್ಕು ಕಂತು ಬಾಕಿ. ನನಗೆ ಹೇಳೇ ಇರಲಿಲ್ಲ. ಮೇಷ್ಟ್ರೇ, ಅದರ ಬಡ್ಡಿಯನ್ನು ಯಾವ ಕಾಲಂಗೆ ಹಾಕಲಿ?