ಸಕ್ಕರೆ ಕಾಯಿಲೆ ಇದ್ದವರಿಗೆ ಶ್ವಾಸಕೋಶದ ಕ್ಷಯ: ನಿಭಾಯಿಸಿದವರು ಅನುಭವ ತಿಳಿಸುವಿರಾ?

ಕೇಳಿದವರು, ಸಂತೆಕಟ್ಟೆ, ಉಡುಪಿ:

ನನ್ನ ಸೋದರಮಾವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಕೆಲವು ತಿಂಗಳಿಂದ ತೂಕ ಇಳಿಯುತ್ತಾ ಬಂದಿತ್ತು; ಈಗ ಕಫ ಪರೀಕ್ಷೆಯಲ್ಲಿ ಕ್ಷಯವೆಂದು ಗೊತ್ತಾಗಿದೆ. ಕ್ಷಯದ ಮಾತ್ರೆ ಆರಂಭಿಸಿದ ಮೇಲೆ ಶುಗರ್ ಮೊದಲಿಗಿಂತ ಏರಿದೆ. ಈ ಮಾತ್ರೆ ದೇಹಕ್ಕೆ ಒಗ್ಗುತ್ತಿಲ್ಲ, ನಿಲ್ಲಿಸಿಬಿಡೋಣ ಎಂದು ಅತ್ತೆ ಹೇಳುತ್ತಿದ್ದಾರೆ. ಎರಡನ್ನೂ ಒಟ್ಟಿಗೆ ನಿಭಾಯಿಸಿದವರು ದಯವಿಟ್ಟು ತಿಳಿಸಿ.

ತಂದೆಯ ಆರೈಕೆ ಮಾಡಿದವರು, ಕದ್ರಿ, ಮಂಗಳೂರು:

ಕ್ಷಯದ ಮಾತ್ರೆಯನ್ನು ಯಾವ ಕಾರಣಕ್ಕೂ ನೀವಾಗಿಯೇ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಿಗೆ ಬಗ್ಗದಂತಾಗುವ ಅಪಾಯವಿದೆ. ಅದರ ಮೇಲೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಕ್ಷಯ ಮರುಕಳಿಸುವ ಸಂಭವವೂ ಹೆಚ್ಚು. ಶುಗರ್ ಏರುವುದಕ್ಕೆ ಎರಡು ಕಾರಣಗಳಿವೆಯೆಂದು ಅಪ್ಪನ ವೈದ್ಯರು ಬಿಡಿಸಿ ಹೇಳಿದ್ದರು. ದೊಡ್ಡ ಸೋಂಕು ಯಾವುದಿದ್ದರೂ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ ಎಂಬುದು ಒಂದು. ಎರಡನೆಯದು ರಿಫಾಂಪಿಸಿನ್. ಕ್ಷಯದ ಮಾತ್ರೆಯಲ್ಲಿರುವ ಈ ಔಷಧಿ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂತಹ ಶುಗರ್ ಮಾತ್ರೆಗಳ ಅಂಶ ರಕ್ತದಲ್ಲಿ ಬೇಗನೆ ಇಳಿದುಹೋಗುತ್ತದೆ, ಎಂದಿನಷ್ಟೇ ನುಂಗಿದರೂ ಎಂದಿನಷ್ಟು ಕೆಲಸ ಮಾಡುವುದಿಲ್ಲ. ಆದುದರಿಂದ ಅತ್ತೆಯವರಿಗೆ ತಿಳಿಸಬೇಕಾದದ್ದು ಇಷ್ಟೇ: ಬದಲಾಯಿಸಬೇಕಾದುದು ಶುಗರ್‌ನ ಔಷಧಿಯನ್ನು. ಅದನ್ನು ಈ ವಾರವೇ ವೈದ್ಯರಲ್ಲಿ ಕೇಳಿ.

ಅಪ್ಪನಿಗೆ ಆರಂಭದ ತಿಂಗಳುಗಳಲ್ಲಿ ಇನ್ಸುಲಿನ್ ಕೊಟ್ಟರು. ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲವೆಂಬ ಭಯ ನಮ್ಮ ಮನೆಯಲ್ಲಿಯೂ ಇತ್ತು. ಆದರೆ ಸೋಂಕು ಹತೋಟಿಗೆ ಬಂದಂತೆ ಯೂನಿಟ್ ಇಳಿಸುತ್ತಾ ಹೋಗಿ, ಕೊನೆಗೆ ಮೆಟ್‌ಫಾರ್ಮಿನ್ ಒಂದರಲ್ಲೇ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧಿಯಾದ್ದರಿಂದ ರಿಫಾಂಪಿಸಿನ್‌ನಿಂದ ಅದರ ಬಲ ಕುಂದುವುದಿಲ್ಲವಂತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಬೆಳಗಿನ ಬರಿಹೊಟ್ಟೆಯ ಶುಗರ್ ಬರೆದು, ಮಾತ್ರೆ ನುಂಗಿಯಾದ ಮೇಲೆ ಅದರ ಕೆಳಗೊಂದು ಗೆರೆ ಎಳೆಯುತ್ತಿದ್ದೆವು. ಆ ಹಾಳೆಗಳನ್ನೇ ಹರಿದು ವೈದ್ಯರ ಬಳಿ ಒಯ್ಯುತ್ತಿದ್ದೆ. ಬಾಯಿಮಾತಿನ ವಿವರಣೆಗಿಂತ ಅದೇ ಅವರಿಗೆ ಉಪಯೋಗವಾಯಿತು.

ಇದನ್ನು ಓದುತ್ತಿರುವ ಬೇರೆಯವರಿಗಾಗಿಯೂ ಒಂದು ಮಾತು. ಅಪ್ಪನಿಗೆ ಸಂಜೆಯ ಜ್ವರವಾಗಲಿ ಕಫದಲ್ಲಿ ರಕ್ತವಾಗಲಿ ಇರಲಿಲ್ಲ. ಸುಸ್ತು ಮತ್ತು ತೂಕದ ಇಳಿಕೆ ಶುಗರ್ ಏರಿದಾಗಲೂ ಇರುವಂಥವೇ ಆದ್ದರಿಂದ ಕ್ಷಯ ಅವುಗಳ ಹಿಂದೆ ಮರೆಯಾಗಿಬಿಡುತ್ತದೆ. ಎಕ್ಸ್‌ರೇಯಲ್ಲಿ ಕಂಡ ಮಚ್ಚೆಯೂ ಶ್ವಾಸಕೋಶದ ಕೆಳಭಾಗದಲ್ಲಿತ್ತು. ದೊಡ್ಡವರಲ್ಲಿ ಕ್ಷಯ ಸಾಮಾನ್ಯವಾಗಿ ಮೇಲ್ಭಾಗವನ್ನು ಹಿಡಿಯುತ್ತದೆ. ಶುಗರ್ ಹತೋಟಿಯಲ್ಲಿಲ್ಲದವರಲ್ಲಿ ಕೆಳಭಾಗದಲ್ಲಿ ಕಾಣಿಸಿಕೊಳ್ಳುವುದೂ, ಒಳಗೆ ಕುಳಿ ಬೀಳುವುದೂ ಹೆಚ್ಚು. ಹೀಗಾಗಿ ಅದು ಮೊದಲು ನ್ಯುಮೋನಿಯಾದಂತೆ ತೋರುತ್ತದೆ. ಆಂಟಿಬಯಾಟಿಕ್ ಮುಗಿದರೂ ಮಚ್ಚೆ ಕರಗದಿದ್ದಾಗ ಕಫವನ್ನು ಕ್ಷಯದ ರೋಗಾಣುವನ್ನು ಪತ್ತೆಹಚ್ಚುವ ಟ್ರೂನ್ಯಾಟ್ ಪರೀಕ್ಷೆಗೆ ಕಳುಹಿಸಿದರು. ರೋಗಾಣು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನೂ ಅದೇ ಮಾದರಿಯಿಂದ ನೋಡುತ್ತಾರೆ. ಮಾವನವರ ವರದಿಯಲ್ಲಿ ಆ ಸಾಲು ಇದೆಯೇ ಎಂದು ಗಮನಿಸಿ.

ಕ್ಷಯ ಚಿಕಿತ್ಸಾ ಮೇಲ್ವಿಚಾರಕರಾಗಿ ನಿವೃತ್ತರಾದವರು, ಉಡುಪಿ:

ಮೇಲಿನವರು ಬರೆದದ್ದು ಸರಿಯಾಗಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಕ್ಷಯ ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು 2ರಿಂದ 3 ಪಟ್ಟು ಇರುವುದರಿಂದ, ಕ್ಷಯವೆಂದು ಗೊತ್ತಾದ ಪ್ರತಿಯೊಬ್ಬರ ಶುಗರ್ ನೋಡುವ ಕ್ರಮವನ್ನು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇಟ್ಟುಕೊಂಡಿದ್ದಾರೆ. ಔಷಧಿಗೆ ಬಗ್ಗುವ ಕ್ಷಯಕ್ಕೆ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧಿ, ಮುಂದಿನ 4 ತಿಂಗಳು ಮೂರು. 2 ತಿಂಗಳು ತುಂಬಿದಾಗ ಮಾಡುವ ಕಫ ಪರೀಕ್ಷೆಯನ್ನು ತಪ್ಪಿಸಬೇಡಿ. ಶುಗರ್ ಹೆಚ್ಚಿರುವವರಲ್ಲಿ ಕಫದಿಂದ ರೋಗಾಣು ಹೋಗುವುದು ಕೆಲವೊಮ್ಮೆ ತಡವಾಗುತ್ತದೆ. ಮುಂದೇನು ಮಾಡಬೇಕೆಂದು ವೈದ್ಯರು ನಿರ್ಧರಿಸುವುದು ಆ ವರದಿಯನ್ನು ನೋಡಿಯೇ.

ಪಾದದ ಬಗ್ಗೆ ನಾನು ಒತ್ತಿ ಹೇಳುತ್ತೇನೆ. ಕ್ಷಯದ ಔಷಧಿಗಳಲ್ಲೊಂದಾದ ಐಸೋನಿಯಾಜಿಡ್‌ನಿಂದ ಕಾಲಿನ ನರಗಳಿಗೆ ತೊಂದರೆಯಾಗಬಹುದು, ಶುಗರ್‌ನಿಂದಲೂ ಆಗಬಹುದು. ಜುಮುಗುಟ್ಟುವಿಕೆ, ಉರಿ, ಚಪ್ಪಲಿ ಜಾರಿದ್ದೂ ತಿಳಿಯದಿರುವುದು ಇವುಗಳನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಾರದು. ಇದನ್ನು ತಡೆಯಲೆಂದೇ ಬಿ6 ಜೀವಸತ್ವದ ಪಿರಿಡಾಕ್ಸಿನ್ ಮಾತ್ರೆ ಕೊಡುತ್ತಾರೆ. ಅದು ಸಿಕ್ಕಿದೆಯೇ ನೋಡಿ. ಕ್ಷಯದ ಇನ್ನೊಂದು ಔಷಧಿ ಎಥಾಂಬ್ಯುಟಾಲ್ ಕಣ್ಣಿನ ನರವನ್ನು ಬಾಧಿಸಬಹುದಾದ್ದರಿಂದ, ದೃಷ್ಟಿ ಮಬ್ಬಾದರೆ ಅಥವಾ ಕೆಂಪು ಹಸಿರಿನ ವ್ಯತ್ಯಾಸ ತಿಳಿಯದಾದರೆ ಅದೇ ದಿನ ತಿಳಿಸಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಅದಕ್ಕೆ ಹೆದರಬೇಕಾಗಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಡಮಾಡಬೇಡಿ.

ಊಟದ ವಿಷಯದಲ್ಲಿ ನಮ್ಮ ಕಡೆ ಗೊಂದಲ ಬಹಳ. ಶುಗರ್ ಇದೆಯೆಂದು ಊಟವನ್ನೇ ಕಡಿಮೆ ಮಾಡಿದರೆ ಕ್ಷಯದಿಂದ ಕರಗಿದ ಮೈ ತುಂಬುವುದಿಲ್ಲ. ಕುಚ್ಚಲಕ್ಕಿ ಗಂಜಿಯ ಪ್ರಮಾಣ ಮಿತವಾಗಿರಲಿ, ಜೊತೆಗೆ ಮೊಟ್ಟೆ, ಹೆಸರುಕಾಳು, ಹುರುಳಿ, ತಾಜಾ ಮೀನು ಇರಲಿ. ಆದರೆ ಬಂಗುಡೆ, ಟ್ಯೂನ ಜಾತಿಯ ಮೀನುಗಳನ್ನು ಮಂಜುಗಡ್ಡೆಯಿಲ್ಲದೆ ಇಟ್ಟಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂತಹ ಲಕ್ಷಣ ತರುವ ವಸ್ತು ಕೂಡುತ್ತದೆ, ಅದು ಕರಗುವುದನ್ನು ಐಸೋನಿಯಾಜಿಡ್ ತಡೆಯುತ್ತದೆ. ಉಂಡ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆನೋವು, ಎದೆಬಡಿತ ಶುರುವಾದರೆ ಕಾರಣ ಇದಿರಬಹುದು. ಔಷಧಿ ಮುಗಿಯುವ ತನಕ ಹಳೆಯ ಮೀನು ಬೇಡ.

ಮಾವನವರ ಹೆಸರು ಕ್ಷಯ ರೋಗಿಗಳನ್ನು ನೋಂದಾಯಿಸುವ ಸರ್ಕಾರಿ ಜಾಲತಾಣವಾದ ನಿಕ್ಷಯ್‌ನಲ್ಲಿ ದಾಖಲಾಗಿದೆಯೇ ಎಂದು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರಿಗೂ ಅದು ಸಲ್ಲುತ್ತದೆ. ಅತ್ತೆಯವರೂ ಮನೆಯ ಉಳಿದವರೂ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಔಷಧಿ ಅಂಗಡಿಯವರು, ಬಂದರು, ಮಂಗಳೂರು:

ಇಬ್ಬರೂ ಆರಂಭದ ಬಗ್ಗೆ ಬರೆದಿದ್ದಾರೆ, ನಾನು ಕೊನೆಯ ಬಗ್ಗೆ ಬರೆಯುತ್ತೇನೆ. ರಿಫಾಂಪಿಸಿನ್ ನಿಂತ ಮೇಲೆ ಸುಮಾರು ಎರಡು ವಾರಗಳಲ್ಲಿ ಯಕೃತ್ತಿನ ಕಿಣ್ವಗಳು ಮೊದಲಿನ ಸ್ಥಿತಿಗೆ ಬರುತ್ತವೆ. ಚಿಕಿತ್ಸೆಯ ನಡುವೆ ಗ್ಲಿಮೆಪಿರೈಡ್‌ನಂತಹ ಮಾತ್ರೆಯ ಪ್ರಮಾಣ ಏರಿಸಿದ್ದರೆ, ಅದನ್ನೇ ಮುಂದುವರಿಸಿದವರಿಗೆ ಆಗ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರುವುದುಂಟು. ಕ್ಷಯ ವಾಸಿಯಾಯಿತೆಂಬ ಸಮಾಧಾನದಲ್ಲಿ ಶುಗರ್ ವೈದ್ಯರ ಬಳಿ ಹೋಗುವುದನ್ನು ಅನೇಕರು ಮುಂದೂಡುತ್ತಾರೆ. ಕೊನೆಯ ತಿಂಗಳ ಮಾತ್ರೆ ಪಡೆಯುವಾಗಲೇ ಆ ಭೇಟಿಯ ದಿನವನ್ನು ಗೊತ್ತುಮಾಡಿಕೊಳ್ಳಿ.