ಸಹಾಯ ಬೇಕು: ಐಸೋಲೇಟೆಡ್ ಪೋರ್ಟ್‌ಗಳು ರೂಟರ್ ಮೂಲಕ ಮಾತನಾಡುತ್ತಿವೆ

ನಮಸ್ಕಾರ. ಸ್ವಿಚ್‌ನಲ್ಲಿ ಪ್ರೈವೇಟ್ ವಿ-ಲ್ಯಾನ್ (ಒಂದೇ ಜಾಲದ ಪೋರ್ಟ್‌ಗಳನ್ನು ಪರಸ್ಪರ ಬೇರ್ಪಡಿಸುವ ವ್ಯವಸ್ಥೆ) ಹಾಕಿದ್ದೇನೆ: ಪ್ರೈಮರಿ, ಅಂದರೆ ಮುಖ್ಯ ವಿ-ಲ್ಯಾನ್, 100; ಐಸೋಲೇಟೆಡ್, ಅಂದರೆ ಪೋರ್ಟ್‌ಗಳು ತಮ್ಮತಮ್ಮಲ್ಲಿ ಮಾತನಾಡಲಾಗದ ವಿ-ಲ್ಯಾನ್, 101. ರೂಟರ್ ಕೂಡಿಸಿದ 24ನೇ ಪೋರ್ಟ್ ಪ್ರಾಮಿಸ್ಕ್ಯುಅಸ್, ಅಂದರೆ ಎಲ್ಲ ಪೋರ್ಟ್‌ಗಳೊಂದಿಗೂ ಮಾತನಾಡಬಲ್ಲದು. ಎಲ್ಲ ಕಂಪ್ಯೂಟರ್‌ಗಳೂ ಒಂದೇ ಸಬ್‌ನೆಟ್‌ನಲ್ಲಿವೆ (ಐಪಿ ವಿಳಾಸಗಳ ಒಂದೇ ಗುಂಪಿನಲ್ಲಿವೆ).

ಐಸೋಲೇಟೆಡ್ ಪೋರ್ಟ್‌ಗಳ ನಡುವೆ ಪಿಂಗ್ ಹೋಗಬಾರದು, ಆದರೆ ಹೋಗುತ್ತಿದೆ! ಎಆರ್‌ಪಿ ಪಟ್ಟಿ (ಯಾವ ಐಪಿಗೆ ಯಾವ ಮ್ಯಾಕ್, ಅಂದರೆ ಯಂತ್ರಾಂಶದ ವಿಳಾಸ, ಎಂಬ ಪಟ್ಟಿ) ತೆರೆದು ನೋಡಿದರೆ ಪಕ್ಕದ ಕಂಪ್ಯೂಟರಿನ ಐಪಿ ಎದುರು ರೂಟರಿನ ಮ್ಯಾಕ್ ವಿಳಾಸ ಕೂತಿದೆ. ರೂಟರಿನಲ್ಲಿ ಲೋಕಲ್ ಪ್ರಾಕ್ಸಿ ಎಆರ್‌ಪಿ (ಅದೇ ಸಬ್‌ನೆಟ್‌ನ ಬೇರೆ ಕಂಪ್ಯೂಟರ್‌ಗಳ ಪರವಾಗಿ ರೂಟರೇ ತನ್ನ ಮ್ಯಾಕ್ ಕೊಟ್ಟು ಉತ್ತರಿಸುವುದು) ಚಾಲೂ ಇದೆ. ಸ್ವಿಚ್ ಮುಂಬಾಗಿಲು ಮುಚ್ಚಿದರೆ ರೂಟರ್ ಹಿತ್ತಿಲಿನಿಂದ ಒಳಗೆ ಬಿಡುತ್ತಿದೆ.

ಲೋಕಲ್ ಪ್ರಾಕ್ಸಿ ಎಆರ್‌ಪಿಯನ್ನು ನಿಲ್ಲಿಸಬಹುದು, ಅದೇನೂ ದೊಡ್ಡ ಕೆಲಸವಲ್ಲ. ಆದರೆ ಯಾರಾದರೂ ಪಕ್ಕದ ಐಪಿಗೆ ರೂಟರಿನ ಮ್ಯಾಕ್ ಅನ್ನು ಕೈಯಾರೆ ಬರೆದುಕೊಂಡರೆ ಪ್ಯಾಕೆಟ್ ಮತ್ತೆ ಅದೇ ದಾರಿ ಹಿಡಿಯುತ್ತದೆಯಲ್ಲವೇ? ಹಾಗಾಗಿ ರೂಟರಿನ ಒಳಬರುವ ದಿಕ್ಕಿನಲ್ಲಿ ಎಸಿಎಲ್ (ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿ) ಹಾಕುವ ಯೋಚನೆಯಿದೆ: ಮೊದಲು ಗೇಟ್‌ವೇ (ರೂಟರಿನದೇ) ವಿಳಾಸಕ್ಕೆ ಅನುಮತಿ, ನಂತರ ಸಬ್‌ನೆಟ್‌ನಿಂದ ಅದೇ ಸಬ್‌ನೆಟ್‌ಗೆ ತಡೆ, ಉಳಿದದ್ದಕ್ಕೆ ಅನುಮತಿ. ಡಿಎಚ್‌ಸಿಪಿ ಮೂಲಕ ಕಂಪ್ಯೂಟರ್‌ಗಳಿಗೆ ತಾನಾಗಿ ಐಪಿ ಕೊಡುವುದೂ ಇದೇ ರೂಟರ್, ಅದಕ್ಕೆ ತೊಂದರೆಯಾಗದು ಎಂದುಕೊಂಡಿದ್ದೇನೆ.

ನನ್ನ ತಲೆನೋವು ಪ್ರಿಂಟರಿನದು. ಅದು ಎಲ್ಲರಿಗೂ ಸಿಗಬೇಕು. ಅದರ ಪೋರ್ಟನ್ನೂ ಪ್ರಾಮಿಸ್ಕ್ಯುಅಸ್ ಮಾಡುವುದೇ, ಇಲ್ಲವೇ ಬೇರೆ ಸಬ್‌ನೆಟ್‌ಗೆ ಸರಿಸುವುದೇ? ಎರಡನೆಯದೇ ಸುರಕ್ಷಿತ ಅನ್ನಿಸುತ್ತದೆ. ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ. ಐಪಿವಿ6ಗೂ ಪ್ರತ್ಯೇಕ ಎಸಿಎಲ್ ಬರೆದಿದ್ದರೆ ಅದರ ಮಾದರಿಯನ್ನೂ ಹಾಕಿ.