ಸಹಾಯ ಬೇಕು: ಅಘನಾಶಿನಿ ದಂಡೆಯ ವೈಜ್ಞಾನಿಕ ಕಾದಂಬರಿಗೆ

ನಮಸ್ಕಾರ. ಕುಮಟಾ ಕಡೆಯವನು, ಮೊದಲ ಕಾದಂಬರಿ ಬರೀತಾ ಇದ್ದೇನೆ. ರೋಬೋಟ್, ರಾಕೆಟ್ ಏನೂ ಇಲ್ಲ (ಇದ್ದರೆ ಬೇಗ ಮುಗಿಯುತ್ತಿತ್ತೇನೋ!). ಕಥೆ 2090ರದ್ದು. ಗಜನಿಯ (ಹೊಳೆ ಕಡಲು ಸೇರುವ ಕಡೆಯ ಉಪ್ಪುನೀರಿನ ಗದ್ದೆ) ತೂಬು ನೋಡಿಕೊಳ್ಳುವ ಹೆಂಗಸೊಬ್ಬಳಿಗೆ ಉಬ್ಬರ ಲೆಕ್ಕಕ್ಕಿಂತ ದಿನದಿಂದ ದಿನಕ್ಕೆ ಹೆಚ್ಚು ತಡವಾಗುತ್ತಿರುವುದು ಮೊದಲು ಗೊತ್ತಾಗುತ್ತದೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಅಲ್ಲವೇ, ಆ ಲೆಕ್ಕವೇ ತಪ್ಪುತ್ತದೆ. ತೂಬು ಮುಚ್ಚುವ ಹಲಗೆ ಇಳಿಸುವ ಹೊತ್ತು ತಪ್ಪಿದರೆ ಉಪ್ಪುನೀರು ನುಗ್ಗುತ್ತದೆ. ಕಗ್ಗ ಭತ್ತ ಉಪ್ಪು ತಡೆಯುತ್ತದೆ ನಿಜ, ಆದರೆ ಎಷ್ಟಂತ?

ತೊಡಕು ಇಲ್ಲಿದೆ. ಅಳಿವೆಯಲ್ಲಿ ಮರಳು ತುಂಬಿದರೆ ಒಳಗಡೆ ಉಬ್ಬರ ತಡವಾಗಬಹುದು, ಸರಿ. ಆದರೆ ಕಾರವಾರದ ತೆರೆದ ಕಡಲಲ್ಲೂ ತಡವಾದರೆ? ಚಂದ್ರನನ್ನು ಅಲುಗಾಡಿಸದೆ ನಂಬುವಂಥ ಕಾರಣ ಬೇಕು. ಸಮುದ್ರವಿಜ್ಞಾನ ಓದಿದವರು ದಯವಿಟ್ಟು ಹೇಳಿ, ನನ್ನ ಊಹೆಯನ್ನು ಹರಿದು ಹಾಕಿದರೂ ಬೇಜಾರಿಲ್ಲ.

ಇನ್ನೊಂದು, ಕಗ್ಗ ಬೆಳೆದವರು ಯಾರಾದರೂ ಸಿಕ್ಕರೆ ಅರ್ಧ ದಿನ ಜೊತೆಗೆ ಕೂರಬೇಕು. ರಾತ್ರಿ ಹಲಗೆ ಹಾಕುವಾಗ ನೀರಿನ ಸದ್ದು ಹೇಗೆ ಬದಲಾಗುತ್ತದೆ, ಕೊಯ್ಲಾದ ಮೇಲೆ ಸಿಗಡಿಗೆ ನೀರು ಬಿಡುವುದು ಯಾವಾಗ, ಇಂಥವು ಗೂಗಲ್‌ನಲ್ಲಿ ಸಿಗುವುದಿಲ್ಲ. ಮೊದಲ ಮೂರು ಅಧ್ಯಾಯ ಓದಿ ಬೈಯುವವರೂ ಬೇಕು. ಕಾಮೆಂಟ್ ಹಾಕಿ, ಫೈಲ್ ಕಳಿಸುತ್ತೇನೆ.